ಸಾಸಿವೆಯ ದಾಯಾದಿ

ಚಿಕ್ಕ ಮಕ್ಕಳಿಗೆ ಎಲೆಕೋಸಿನ ಪರಿಚಯ ಮಾಡಿಸಬೇಕು ಎನ್ನುವವರು ತರಕಾರಿ ಅಂಗಡಿಗೆ ಹೋಗುವ ಮೊದಲು ಮನೆಯ ಒಗ್ಗರಣೆ ಡಬ್ಬಿ ತೆಗೆಯಲಿ. ಅದರಿಂದ ಒಂದು ಚಿಟಿಕೆ ಸಾಸಿವೆ, ಬೀಜದಂಗಡಿಯಿಂದ ತಂದ ಒಂದು ಚಿಟಿಕೆ ಎಲೆಕೋಸಿನ ಬೀಜ, ಎರಡನ್ನೂ ಬಿಳಿ ಕಾಗದದ ಮೇಲೆ ಹರಡಿ 'ಯಾವುದು ಯಾವುದು ಹೇಳು ಪುಟ್ಟ' ಎಂದು ಕೇಳಿ ನೋಡಿ. ಮಗು ಹಾಗಿರಲಿ, ಐವತ್ತು ವರ್ಷ ಒಗ್ಗರಣೆ ಹಾಕಿದ ಅಜ್ಜಿಯೂ ಕನ್ನಡಕ ಹುಡುಕುತ್ತಾರೆ. ಅದೇ ದುಂಡು, ಹೆಚ್ಚುಕಮ್ಮಿ ಅದೇ ಗಾತ್ರ, ಅದೇ ಕಂದುಗಪ್ಪು. ಸಾಸಿವೆಯೂ ಎಲೆಕೋಸೂ ಬ್ರಾಸಿಕಾ ಎಂಬ ಒಂದೇ ಕುಲದ ಗಿಡಗಳು. ಮಗುವಿಗೆ ಹೇಳುವಾಗ 'ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು' ಎಂದರೆ ಸಾಕು, ಅರ್ಥವಾಗುತ್ತದೆ.

ಒಂದು ಎಚ್ಚರ. ಅಂಗಡಿಯ ಬೀಜಕ್ಕೆ ಎಷ್ಟೋ ಸಲ ಗುಲಾಬಿ, ಹಸಿರು, ನೀಲಿ ಬಣ್ಣದ ಲೇಪನ ಇರುತ್ತದೆ. ಅದು ಶಿಲೀಂಧ್ರನಾಶಕ ಔಷಧಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನವರ ಮುಂದೆ ಅಂಥ ಬೀಜ ಬೇಡ. ಲೇಪನ ಇಲ್ಲದ್ದನ್ನೇ ಕೇಳಿ ತನ್ನಿ.

ಎರಡು ತೆಂಗಿನ ಕರಟಕ್ಕೆ ತಳದಲ್ಲಿ ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ, ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಕೋಸು ಬಿತ್ತಿ. ವಾರದೊಳಗೆ ಎರಡರಲ್ಲೂ ಮೊಳಕೆ ಬರುತ್ತದೆ. ಆಗಲೂ ಗುಟ್ಟು ರಟ್ಟಾಗುವುದಿಲ್ಲ. ಮೊದಲ ಜೋಡಿ ಎಲೆಗಳು ಎರಡರಲ್ಲೂ ಒಂದೇ ಥರ, ತುದಿಯಲ್ಲಿ ಸಣ್ಣ ಕಚ್ಚು ಇರುವ ಹೃದಯದಾಕಾರ. ಅದರ ಮೇಲಿನ ಎಲೆ ಬಂದಾಗಲೇ ದಾರಿ ಬೇರೆಯಾಗುವುದು. ಸಾಸಿವೆಯದು ತುಸು ಒರಟು, ಅಂಚಿನಲ್ಲಿ ಹರಿದಂತೆ. ಕೋಸಿನದು ನುಣುಪು, ನೀಲಿಗೆ ತಿರುಗಿದ ಹಸಿರು. ಮುಂದೆ ತಿಂಗಳೊಪ್ಪತ್ತಿನಲ್ಲಿ ಸಾಸಿವೆ ಎತ್ತರಕ್ಕೆ ಚಿಮ್ಮಿ, ನಾಲ್ಕು ಎಸಳಿನ ಹಳದಿ ಹೂ ತೆರೆದು ನಿಲ್ಲುತ್ತದೆ. ಕೋಸು ಮಾತ್ರ ಎತ್ತರದ ಆಸೆಯನ್ನೇ ಬಿಟ್ಟು ನೆಲಕ್ಕಂಟಿ ಕೂತಿರುತ್ತದೆ. ಹೊರಗಿನ ಎಲೆಗಳನ್ನು ಅಗಲಕ್ಕೆ ಚಾಚಿ, ಒಳಗಿನವನ್ನು ಒಂದರ ಮೇಲೊಂದು ಮಡಚಿಕೊಳ್ಳಲು ಶುರು ಮಾಡುತ್ತದೆ.

ಈ ಮಡಚುವ ಕೆಲಸವನ್ನು ಕಣ್ಣಾರೆ ನೋಡಿದ ಮಗುವಿಗೆ ಎಲೆಕೋಸು ಏನು ಎಂದು ಬೇರೆ ವಿವರಿಸಬೇಕಿಲ್ಲ. ನಾವು ಗಡ್ಡೆ ಎನ್ನುವುದು ಅರಳದೆ ಉಳಿದ ಒಂದು ದೊಡ್ಡ ಎಲೆಮೊಗ್ಗು. ಕಾಂಡ ಉದ್ದವಾಗದೆ ಕುಳ್ಳಾಗಿ ನಿಂತಿದೆ. ಅದರ ಸುತ್ತ ಎಲೆಗಳು ಹುಟ್ಟುತ್ತಲೇ ಇವೆ, ಬಿಚ್ಚಿಕೊಳ್ಳಲು ಜಾಗವಿಲ್ಲ. ಒಳಗಿನ ಎಲೆಗೆ ಬೆಳಕು ಸಿಗದ ಕಾರಣ ಅದು ಬೆಳ್ಳಗಿದೆ. ಗಡ್ಡೆಯನ್ನು ತೊಟ್ಟಿನಿಂದ ನೆತ್ತಿಯವರೆಗೆ ಉದ್ದಕ್ಕೆ ಸೀಳಿ ಮಕ್ಕಳ ಮುಂದಿಡಿ: ನಡುವೆ ದಿಂಡು, ಅದರಿಂದ ಎರಡೂ ಕಡೆಗೆ ಹೊರಟ ಎಲೆಗಳು, ಎಲೆ ಮತ್ತು ದಿಂಡು ಕೂಡುವ ಪ್ರತಿ ಸಂದಿಯಲ್ಲೂ ಸಾಸಿವೆಕಾಳಿನಷ್ಟು ಪುಟ್ಟ ಮೊಗ್ಗು. ಇಡೀ ಮರವನ್ನು ಕುಗ್ಗಿಸಿ ಚೆಂಡಿನೊಳಗೆ ಕೂರಿಸಿದ ಹಾಗೆ. ಅಂಗನವಾಡಿ ಗೋಡೆಯ ಚಾರ್ಟಿನಲ್ಲಿರುವ ಹಸಿರು ಉಂಡೆಯ ಚಿತ್ರಕ್ಕಿಂತ ಈ ಅರ್ಧ ಹೋಳು ಹತ್ತು ಪಾಲು ಮೇಲು.

ಸಂದಿಯ ಆ ಪುಟ್ಟ ಮೊಗ್ಗುಗಳೇ ಊದಿಕೊಂಡರೆ ಬ್ರಸಲ್ಸ್ ಸ್ಪ್ರೌಟ್ಸ್. ಎಲೆಯ ಬದಲು ಬುಡದ ಕಾಂಡ ಊದಿಕೊಂಡರೆ ನವಿಲುಕೋಸು. ಹೂಗೊಂಚಲು ಅರಳುವ ಮೊದಲೇ ದಪ್ಪವಾಗಿ ಗಟ್ಟಿಯಾದರೆ ಹೂಕೋಸು. ಹೂಮೊಗ್ಗು ಹಸಿರಾಗಿ ಉಳಿದರೆ ಬ್ರಾಕೊಲಿ. ಗಡ್ಡೆಯನ್ನೇ ಕಟ್ಟದೆ ಎಲೆ ಎಲೆಯಾಗಿ ಬೆಳೆದರೆ ಕೇಲ್. ಇವೆಲ್ಲ ಬೇರೆ ಬೇರೆ ತರಕಾರಿ ಎಂದುಕೊಂಡಿದ್ದೇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆಲ್ಲ ಒಂದೇ ಪ್ರಭೇದ, ಬ್ರಾಸಿಕಾ ಒಲೆರೇಸಿಯಾ. ಯುರೋಪಿನ ಕಡಲಂಚಿನ ಕಾಡುಗಿಡವೊಂದರಿಂದ, ಯಾರಿಗೆ ಎಲೆ ಬೇಕಿತ್ತೋ ಅವರು ಎಲೆ ಚೆನ್ನಾಗಿರುವ ಗಿಡದ ಬೀಜ ಉಳಿಸಿ, ಕಾಂಡ ಬೇಕಿದ್ದವರು ಕಾಂಡದ್ದನ್ನು ಉಳಿಸಿ, ಸಾವಿರಾರು ವರ್ಷ ಆರಿಸುತ್ತ ಬಂದ ಫಲ ಇದು. ಸಂತೆಯಲ್ಲಿ ಇವುಗಳಲ್ಲಿ ಮೂರು ಸಿಕ್ಕರೂ ಸಾಕು. ಸಾಲಾಗಿಟ್ಟು 'ಇದರಲ್ಲಿ ನಾವು ತಿನ್ನೋದು ಗಿಡದ ಯಾವ ಭಾಗ?' ಎಂದು ಕೇಳಿದರೆ ಒಂದನೇ ತರಗತಿಯ ಮಕ್ಕಳು ಅರ್ಧ ಗಂಟೆ ಜಗಳವಾಡುತ್ತಾರೆ. ಒಳ್ಳೆಯ ಜಗಳ.

ಬೆಳೆಸಿ ತೋರಿಸುವುದಾದರೆ ನಮ್ಮ ಬಯಲುಸೀಮೆಯ ಹವೆಗೆ ಗಣೇಶನ ಹಬ್ಬದ ಹೊತ್ತಿಗೆ ಬೀಜ, ದಸರಾ ರಜೆಯಲ್ಲಿ ನಾಟಿ, ಸಂಕ್ರಾಂತಿಯೊಳಗೆ ಗಡ್ಡೆ. ಈ ಲೆಕ್ಕ ಶಾಲೆಯ ಕ್ಯಾಲೆಂಡರಿಗೂ ಹೊಂದುತ್ತದೆ. ಗೋಲ್ಡನ್ ಏಕರ್‌ನಂಥ ಬೇಗ ಬರುವ ತಳಿ ನಾಟಿ ಮಾಡಿದ ಎರಡು ತಿಂಗಳಿಗೆ ಕೈಗೆ ಬರುತ್ತದೆ, ಒಂದೂ ಒಂದೂವರೆ ಕೇಜಿಯ ಗುಂಡು ಗಡ್ಡೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಬೇಕು. ಮಕ್ಕಳಿಗೆ ಅಷ್ಟು ಪುಟ್ಟ ಸಸಿಗೆ ಅಷ್ಟು ಜಾಗ ಯಾಕೆ ಎಂಬುದು ಬಗೆಹರಿಯದ ಪ್ರಶ್ನೆ. ಉತ್ತರವನ್ನು ಗಿಡವೇ ಕೊಡಲಿ. ತಾರಸಿಯಲ್ಲಾದರೆ ಹನ್ನೆರಡು ಇಂಚಿನ ಕುಂಡಕ್ಕೆ ಒಂದೇ ಸಸಿ. ಎರಡು ಹಾಕಿದರೆ ಎರಡೂ ಕೈಕೊಡುತ್ತವೆ.

ನೀರು ಹಾಕುವ ಕೆಲಸವನ್ನು ಮಗುವಿಗೇ ಬಿಡಿ. ಕೋಸಿನ ಎಲೆಯ ಮೇಲೆ ತೆಳುವಾದ ಮೇಣದ ಪದರ ಇರುತ್ತದೆ. ಅದಕ್ಕೇ ಆ ಬೂದಿ ಬಳಿದಂಥ ನೀಲಿ. ಕೆಸುವಿನ ಎಲೆಯ ಮೇಲೆ ಆಗುವಂತೆಯೇ ಇಲ್ಲೂ ನೀರು ಹರಡದೆ ಮಣಿಮಣಿಯಾಗಿ ಉರುಳುತ್ತದೆ. ಬೆರಳಿನಿಂದ ಎಲೆಯನ್ನು ಒಂದು ಕಡೆ ಗಟ್ಟಿಯಾಗಿ ಉಜ್ಜಿ, ಮತ್ತೆ ಹನಿ ಬಿಡಿ. ಉಜ್ಜಿದ ಕಡೆ ಹನಿ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಪಕ್ಕದಲ್ಲೇ ಇನ್ನೊಂದು ಹನಿ ಜಾರಿ ಓಡುತ್ತದೆ. ನಮ್ಮ ಪಕ್ಕದ ಮನೆಯ ತಾರಸಿಯಲ್ಲಿ ನಾಲ್ಕು ವರ್ಷದ ಮೊಮ್ಮಗಳೊಬ್ಬಳು ಇದನ್ನು ಕಂಡು, "ಅಜ್ಜೀ, ಇದಕ್ಕೆ ಎಣ್ಣೆ ಹಚ್ಚಿದ್ದೀಯಾ?" ಎಂದು ಕೇಳಿದಳು. ಅಜ್ಜಿ "ನಾನ್ಯಾಕೆ ಹಚ್ಚಲಿ, ಅದೇ ಹಚ್ಕೊಂಡಿದೆ ಕಣೇ" ಅಂದರು. ಇದಕ್ಕಿಂತ ಸರಿಯಾದ ಉತ್ತರ ಪಠ್ಯಪುಸ್ತಕದಲ್ಲೂ ಸಿಗದು.

ಹುಳು ಬಂದೇ ಬರುತ್ತದೆ. ಬಂದರೆ ಗಾಬರಿಯಾಗಬೇಡಿ, ಅದೂ ಪಾಠವೇ. ಸೆಂಟಿಮೀಟರ್ ಉದ್ದದ ಹಸಿರು ಮರಿಹುಳುವನ್ನು ಕಡ್ಡಿಯಿಂದ ಮುಟ್ಟಿದರೆ ಅದು ಮೈ ಕೊಡವಿ, ನೂಲು ಬಿಟ್ಟುಕೊಂಡು ಎಲೆಯಿಂದ ಕೆಳಗೆ ಜೋತಾಡುತ್ತದೆ. ರೈತರ ಬಾಯಲ್ಲಿ ಇದು ಡಿಬಿಎಂ, ಅಂದರೆ ಡೈಮಂಡ್ ಬ್ಯಾಕ್ ಮಾತ್ ಎಂಬ ಸಣ್ಣ ಪತಂಗದ ಮರಿ. ಜಗತ್ತಿನ ಉದ್ದಗಲಕ್ಕೂ ಕೋಸು ಬೆಳೆಗಾರರ ನಿದ್ದೆ ಕೆಡಿಸಿದ ಕೀಟ, ಒಂದಾದ ಮೇಲೊಂದು ಔಷಧಿಯನ್ನು ಜೀರ್ಣಿಸಿಕೊಂಡ ಜೀವಿ. ಇದಕ್ಕೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡ ಉಪಾಯದಲ್ಲಿ ಮತ್ತೆ ನಮ್ಮ ಸಾಸಿವೆಯೇ ಬರುತ್ತದೆ. ಈ ಪತಂಗಕ್ಕೆ ಮೊಟ್ಟೆ ಇಡಲು ಕೋಸಿಗಿಂತ ಸಾಸಿವೆಯೇ ಹೆಚ್ಚು ಇಷ್ಟ. ಹಾಗಾಗಿ ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ: ಒಂದು ಸಾಲು ಕೋಸು ನಾಟಿಗೆ 15 ದಿನ ಮೊದಲೇ, ಇನ್ನೊಂದು ನಾಟಿಯಾದ 25 ದಿನಕ್ಕೆ. ಹುಳುಗಳೆಲ್ಲ ಸಾಸಿವೆಯ ಮೇಲೆ ಸೇರಿದಾಗ ಅಲ್ಲಿ ಮಾತ್ರ ಔಷಧಿ ಹೊಡೆದರಾಯಿತು. ಶಾಲೆಯ ಕೈತೋಟದಲ್ಲಿ 25 ಸಾಲು ಎಲ್ಲಿಂದ ಬರಬೇಕು? ಮಡಿಯ ಎರಡು ಅಂಚಿಗೆ ಒಂದಿಷ್ಟು ಸಾಸಿವೆ ಉದುರಿಸಿ, ಯಾವ ಗಿಡದಲ್ಲಿ ಎಷ್ಟು ಹುಳು ಎಂದು ಮಕ್ಕಳೇ ಎಣಿಸಲಿ.

ಹುಳುವಿನ ಮಾತು ಬಂದಾಗ ಇನ್ನೊಂದು ಭಯವನ್ನೂ ಇಲ್ಲೇ ತೀರಿಸಿಬಿಡೋಣ. ಕೋಸು ತಿಂದರೆ ಹುಳು ಮಿದುಳಿಗೆ ಹೋಗುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ, ಎಷ್ಟೋ ತಾಯಂದಿರು ಮನೆಗೆ ಕೋಸು ತರುವುದನ್ನೇ ಬಿಟ್ಟಿದ್ದಾರೆ. ಮಿದುಳಿಗೆ ಹೋಗುವುದು ಲಾಡಿಹುಳುವಿನ ಮರಿ. ಅದರ ಮೊಟ್ಟೆ ಬರುವುದು ಆ ಹುಳು ಹೊಟ್ಟೆಯಲ್ಲಿರುವ ಮನುಷ್ಯರ ಮಲದಿಂದ. ಕೊಳಚೆ ನೀರು ಸೋಕಿದ ಯಾವ ಹಸಿ ಸೊಪ್ಪು ತರಕಾರಿಯಲ್ಲೂ ಅದು ಇರಬಹುದು, ಕೈ ತೊಳೆಯದವರ ಬೆರಳಲ್ಲೂ ಇರಬಹುದು. ಎಲೆಕೋಸಿನ ಹಸಿರು ಮರಿಹುಳುವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹೊರಗಿನ ನಾಲ್ಕು ಎಲೆ ತೆಗೆದು, ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆದು, ಚೆನ್ನಾಗಿ ಬೇಯಿಸಿದರೆ ಭಯವಿಲ್ಲ. ತೀರಾ ಚಿಕ್ಕವರಿಗೆ ಹಸಿ ಕೋಸಂಬರಿಗಿಂತ ಬೆಂದ ಪಲ್ಯವೇ ವಾಸಿ. ಹಸಿಯ ಉದ್ದ ಎಳೆಗಳು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ ಎಂಬುದೂ ಒಂದು ಕಾರಣ.

ದೊಡ್ಡ ಗಾತ್ರ ಮಕ್ಕಳಿಗೆ ಯಾವತ್ತೂ ರುಚಿಸುವ ವಿಷಯ. ಅಮೆರಿಕದ ಬಾನಿ ಪ್ಲಾಂಟ್ಸ್ ಎಂಬ ಸಸಿ ಕಂಪನಿ ಅಲ್ಲಿನ ಮೂರನೇ ತರಗತಿಯ ಮಕ್ಕಳಿಗೆ ದೈತ್ಯ ತಳಿಯ ಕೋಸಿನ ಸಸಿಗಳನ್ನು ಉಚಿತವಾಗಿ ಹಂಚಿದ್ದು ಇದೇ ಲೆಕ್ಕದಲ್ಲಿ. 2012ರಲ್ಲಿ ಅಲಾಸ್ಕಾ ರಾಜ್ಯದ ಜಾತ್ರೆಗೆ ಸ್ಕಾಟ್ ರಾಬ್ ಎಂಬ ಬೆಳೆಗಾರ ತಂದ ಗಡ್ಡೆ ತೂಗಿದ್ದು 62.71 ಕೇಜಿ. ನಮ್ಮ ಗಡ್ಡೆ ಯಾಕೆ ಅಷ್ಟಾಗುವುದಿಲ್ಲ ಎಂದು ಮಗು ಕೇಳಿದರೆ, ತಳಿಯೂ ಬೇರೆ, ಬೇಸಿಗೆಯಲ್ಲಿ ಅಲ್ಲಿ ದಿನಕ್ಕೆ 19 ತಾಸಿಗೂ ಹೆಚ್ಚು ಹೊತ್ತು ಬೆಳಕು ಇರುತ್ತದೆ, ಗಿಡಕ್ಕೆ ಊಟ ಮಾಡುವುದೇ ಕೆಲಸ ಎನ್ನಿ.

ಮಗು ಕೇಳಬಹುದಾದ ಇನ್ನೊಂದು ಪ್ರಶ್ನೆ ಸ್ವಲ್ಪ ಕಷ್ಟದ್ದು: ಸಾಸಿವೆ ಗಿಡ ಬೀಜ ಬಿಟ್ಟಿತು, ಕೋಸು ಯಾಕೆ ಬಿಡಲಿಲ್ಲ? ಕೋಸು ಎರಡು ವರ್ಷದ ಆಯುಸ್ಸಿನ ಗಿಡ. ಮೊದಲ ವರ್ಷ ಎಲೆಯಲ್ಲಿ ಆಹಾರ ಕೂಡಿಡುತ್ತದೆ, ನಡುವೆ ವಾರಗಟ್ಟಲೆ ಕೊರೆಯುವ ಚಳಿ ತಾಗಿದರೆ ಮಾತ್ರ ಮುಂದಿನ ವಸಂತದಲ್ಲಿ ಗಡ್ಡೆ ಬಿರಿದು, ಒಳಗಿನಿಂದ ದಂಟು ಎದ್ದು ಹೂ ಬಿಡುತ್ತದೆ. ನಮ್ಮ ಬಯಲಿನಲ್ಲಿ ಆ ಚಳಿ ಇಲ್ಲ. ಅದಕ್ಕೇ ಗೋಲ್ಡನ್ ಏಕರ್‌ನಂಥ ತಳಿಗಳ ಬೀಜ ಹಿಮಾಚಲದ ಕುಲು ಕಣಿವೆಯಂಥ ತಂಪು ಜಾಗಗಳಿಂದ ಬರಬೇಕು. ನಾವು ತಿನ್ನುವುದು ಗಿಡ ತನ್ನ ಹೂವಿಗೆಂದು ಎತ್ತಿಟ್ಟ ಗಂಟನ್ನು. ಗಡ್ಡೆ ಕೊಯ್ಯುವಾಗ ಬುಡದ ಮೋಟನ್ನೂ ಎರಡು ಹೊರ ಎಲೆಗಳನ್ನೂ ಬಿಟ್ಟರೆ, ಕೆಲವೇ ವಾರಗಳಲ್ಲಿ ಆ ಮೋಟಿನ ಅಂಚಿನಿಂದ ಲಿಂಬೆ ಗಾತ್ರದ ಮರಿಗಡ್ಡೆಗಳು ಏಳುತ್ತವೆ. ಸಂದಿಯ ಮೊಗ್ಗುಗಳನ್ನು ಸೀಳಿ ನೋಡಿದ ಮಗುವಿಗೆ ಅವು ಎಲ್ಲಿಂದ ಬಂದವು ಎಂದು ಗೊತ್ತಿರುತ್ತದೆ.

ಇಷ್ಟು ಗಿಡದ ಮಾತು. ತಟ್ಟೆಯ ಮಾತು ಅಷ್ಟು ಸುಲಭವಲ್ಲ.

ಮಕ್ಕಳು ಕೋಸಿಗೆ ಮುಖ ತಿರುಗಿಸುವುದನ್ನು ಹಟ ಎಂದು ತಳ್ಳಿಹಾಕುವವರಲ್ಲಿ ನಾನಿಲ್ಲ. ಅವರ ಮೂಗು ಸುಳ್ಳು ಹೇಳುತ್ತಿಲ್ಲ. ಸಾಸಿವೆಯನ್ನು ಅರೆದಾಗ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಮಲೆನಾಡಿನವರು ಮಾವಿನಹಣ್ಣಿನ ಸಾಸಿವೆ ಮಾಡುವಾಗ ಕಣ್ಣಲ್ಲಿ ನೀರು ತರಿಸುವಂಥದ್ದು, ಅದರ ಮೂಲವಸ್ತು ಸಿನಿಗ್ರಿನ್ ಕೋಸಿನಲ್ಲೂ ಇದೆ. ಎಲೆ ಇಡಿಯಾಗಿದ್ದಾಗ ಅದು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ಚಾಕು ಬಿದ್ದಾಗ, ಹಲ್ಲು ಊರಿದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಗಿಡಕ್ಕೆ ಇದು ತನ್ನನ್ನು ಮೇಯುವವರ ವಿರುದ್ಧದ ಅಸ್ತ್ರ. ಇದರ ಮೇಲೆ ಹೆಚ್ಚು ಹೊತ್ತು ಬೇಯಿಸಿದರೆ ಬೇರೆ ಗಂಧಕದ ವಸ್ತುಗಳು ಬಿಡುಗಡೆಯಾಗುತ್ತವೆ, ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಸಹ. 2021ರಲ್ಲಿ ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ಸಂಸ್ಥೆಯವರು 98 ಜೋಡಿ ಮಕ್ಕಳು ಮತ್ತು ಹೆತ್ತವರ ಎಂಜಲಿಗೆ ಹೂಕೋಸು ಬೆರೆಸಿ ನೋಡಿದರು. ಬಾಯಿಯ ಬ್ಯಾಕ್ಟೀರಿಯಾಗಳ ಕಿಣ್ವದಿಂದ ಕೆಲವರ ಎಂಜಲಿನಲ್ಲಿ ಕೆಟ್ಟ ವಾಸನೆ ಹೆಚ್ಚು ಹುಟ್ಟಿತು, ಕೆಲವರಲ್ಲಿ ಕಡಿಮೆ. ಹೆಚ್ಚು ಹುಟ್ಟಿದ ಮಕ್ಕಳು ಆ ತರಕಾರಿಯನ್ನು ಹೆಚ್ಚು ದ್ವೇಷಿಸುತ್ತಿದ್ದರು. ಮಗುವಿನ ಮಟ್ಟ ಹೆತ್ತವರ ಮಟ್ಟಕ್ಕೆ ಹತ್ತಿರವಿತ್ತು, ಆದರೆ ದೊಡ್ಡವರಲ್ಲಿ ಈ ದ್ವೇಷ ಕಾಣಲಿಲ್ಲ. ಅಂದರೆ ಅದೇ ವಾಸನೆಯನ್ನು ಸಹಿಸಿ, ರೂಢಿಸಿಕೊಂಡು ದೊಡ್ಡವರಾದವರು ನಾವು. ಮರುವರ್ಷ ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದವರು ಗರ್ಭಿಣಿಯರಿಗೆ ಕೇಲ್ ಅಥವಾ ಕ್ಯಾರೆಟ್ ಪುಡಿಯ ಕ್ಯಾಪ್ಸೂಲ್ ಕೊಟ್ಟು ಸ್ಕ್ಯಾನ್ ಮಾಡಿದಾಗ, ಕ್ಯಾರೆಟ್ಟಿನ ಕೂಸುಗಳು ನಗುಮುಖ ಮಾಡಿದ್ದು ಹೆಚ್ಚು, ಕೋಸಿನ ಒಡಹುಟ್ಟಿದ ಕೇಲ್‌ನವು ಅಳುಮುಖ ಮಾಡಿದ್ದು ಹೆಚ್ಚು. ಹುಟ್ಟುವ ಮೊದಲೇ ಶುರುವಾದ ತಕರಾರು ಇದು.

ಹಾಗಾಗಿ ಮೊದಲ ಜವಾಬ್ದಾರಿ ಒಲೆಯ ಮುಂದೆ ನಿಂತವರದು. ಕೋಸನ್ನು ಕುಕ್ಕರಿನಲ್ಲಿ ಸೀಟಿ ಹೊಡೆಸುವುದು ಅದಕ್ಕೂ ಮಕ್ಕಳಿಗೂ ಮಾಡುವ ಅನ್ಯಾಯ. ಸಣ್ಣಗೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ, ಮುಚ್ಚಳ ತೆರೆದಿಟ್ಟು, ಬಿಳಿ ಬಣ್ಣ ಪಾರದರ್ಶಕವಾಗುತ್ತಿದ್ದಂತೆ ಉಪ್ಪು, ಕಾಯಿತುರಿ ಹಾಕಿ ಇಳಿಸಿಬಿಡಬೇಕು. ಹಲ್ಲಿಗೆ ಕರುಂ ಎನ್ನುವಷ್ಟು ಜೀವ ಉಳಿದಿರಬೇಕು, ಆಗ ಅದರಲ್ಲಿ ಸಿಹಿ ಇರುತ್ತದೆ. ಹೆಚ್ಚುವಾಗ ದಿಂಡನ್ನು ಎಸೆಯಬೇಡಿ. ಸಿಪ್ಪೆ ಕೆತ್ತಿ, ತೆಳುವಾದ ಬಿಲ್ಲೆ ಮಾಡಿ ಕೊಟ್ಟರೆ ಐದಾರು ವರ್ಷದವರು ಅಡುಗೆಮನೆಯಲ್ಲೇ ಮುಗಿಸುತ್ತಾರೆ. ಕೊಂಕಣಿ ಮನೆಗಳ ಸಣ್ಣ ಪೋಳೋ ಕೂಡ ಒಳ್ಳೆಯ ದಾರಿ: ಅಕ್ಕಿ, ತೊಗರಿಬೇಳೆ, ಕಾಯಿ, ಹುಣಸೆ, ಒಣಮೆಣಸು ಅರೆದ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಕೋಸು ಸೇರಿಸಿ ಕಾವಲಿಯ ಮೇಲೆ ಅಂಗೈಯಗಲ ಹರಡಿ ಗರಿಗರಿ ಮಾಡುವುದು. ಮಕ್ಕಳಿಗಾದರೆ ಮೆಣಸು ಕಡಿಮೆ ಮಾಡಿ. ನೇರಳೆ ಕೋಸು ಸಿಕ್ಕರೆ ತಿನ್ನಿಸುವ ಮೊದಲು ಆಟಕ್ಕೆ ಬಳಸಿ. ಹೆಚ್ಚಿ ಬಿಸಿನೀರಲ್ಲಿ ನೆನೆಸಿದರೆ ಬರುವ ನೇರಳೆ ರಸವನ್ನು ಲೋಟಗಳಿಗೆ ಸುರಿದು, ಒಂದಕ್ಕೆ ನಿಂಬೆರಸ ಹಿಂಡಿದರೆ ಗುಲಾಬಿ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ನೀಲಿ.

ಕೋಸು ತಿನ್ನದ ಮಕ್ಕಳು ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಎಷ್ಟೋ ತಳ್ಳುಗಾಡಿಗಳಲ್ಲಿ ಗೋಬಿ ಮಂಚೂರಿ ಎಂದು ಕೊಡುವುದರಲ್ಲಿ ಹೂಕೋಸಿಗಿಂತ ಎಲೆಕೋಸೇ ಹೆಚ್ಚು. ಮನೆಯಲ್ಲಿ ಪಲ್ಯ ಸರಿಸಿಟ್ಟ ಮಗು ಅಲ್ಲಿ ತಟ್ಟೆ ನೆಕ್ಕುತ್ತದೆ. ಮಂಚೂರಿಯ ಆ ಕೃತಕ ಕೆಂಪು ಬಣ್ಣಕ್ಕೆ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧ ಹಾಕಿದ್ದು ಸರಿಯೇ. ಆದರೆ ವೇಷ ಹಾಕಿಸಿ ತಿನ್ನಿಸುವುದರಿಂದ ಹೊಟ್ಟೆಗೆ ಕೋಸು ಹೋಗುತ್ತದೆ, ಪರಿಚಯ ಆಗುವುದಿಲ್ಲ. ರೊಟ್ಟಿ ಹಿಟ್ಟಿನಲ್ಲಿ ಬಚ್ಚಿಟ್ಟು ಮೋಸ ಮಾಡುವುದರ ಬದಲು ಅದೇ ಅಕ್ಕಿರೊಟ್ಟಿಗೆ ಮಗುವಿನ ಕೈಯಲ್ಲೇ ಎಲೆ ಹರಿಸಿ ಹಾಕಿಸುವುದು ಮೇಲು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರ ದಶಕದಲ್ಲಿ ಪುಟ್ಟ ಮಕ್ಕಳೊಡನೆ ನಡೆಸಿದ ಪ್ರಯೋಗಗಳಲ್ಲಿ ಎರಡು ವಿಷಯ ಕಂಡರು. ಹೊಸ ತಿನಿಸನ್ನು ಒತ್ತಾಯವಿಲ್ಲದೆ ಹತ್ತು ಹದಿನೈದು ಸಲ ರುಚಿ ತೋರಿಸಿದರೆ ಇಷ್ಟ ತಾನಾಗಿ ಬೆಳೆಯುತ್ತದೆ. 'ಇದನ್ನು ಮುಗಿಸಿದರೆ ಅದು ಕೊಡ್ತೀನಿ' ಎಂದು ಲಂಚ ಕೊಟ್ಟರೆ 'ಇದರ' ಮೇಲಿನ ಇಷ್ಟ ಮೊದಲಿಗಿಂತಲೂ ಇಳಿಯುತ್ತದೆ. ನಮ್ಮಲ್ಲಿ ಎರಡನೆಯ ಸಲಕ್ಕೇ 'ಅವನಿಗೆ ಕೋಸು ಆಗಲ್ಲ' ಎಂದು ತೀರ್ಪು ಹೊರಬಿದ್ದಿರುತ್ತದೆ, ಮಗುವಿನ ಎದುರಿಗೇ. ಇನ್ನು 'ವಿಟಮಿನ್ ಸಿ ಇದೆ, ನಾರು ಇದೆ' ಎಂಬ ಭಾಷಣ. ಇವೆರಡೂ ಇರುವುದು ನಿಜ. ನಾಲ್ಕು ವರ್ಷದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಭಾಷಣ ಬೇಡವೆಂದು ತಿಳಿದ ಒಬ್ಬ ಹಡಗಿನ ನಾಯಕನಿದ್ದ. 1768ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟ ಜೇಮ್ಸ್ ಕುಕ್ ನಾವಿಕರಿಗೆ ಸ್ಕರ್ವಿ ಬಾರದಿರಲೆಂದು ಹುಳಿಬರಿಸಿದ ಉಪ್ಪುಕೋಸಿನ ಪೀಪಾಯಿಗಳನ್ನು ತುಂಬಿಸಿಕೊಂಡಿದ್ದ. ನಾವಿಕರು ಮುಟ್ಟಲಿಲ್ಲ. ಕುಕ್ ಗದರಲಿಲ್ಲ, ಅದನ್ನು ದಿನವೂ ಅಧಿಕಾರಿಗಳ ಮೇಜಿಗೆ ಬಡಿಸಲು ಹೇಳಿ, ಉಳಿದವರು ಬೇಕಾದರೆ ತಿನ್ನಲಿ ಬೇಡವಾದರೆ ಬಿಡಲಿ ಎಂದ. ವಾರ ಕಳೆಯುವಷ್ಟರಲ್ಲಿ ಎಲ್ಲರೂ ಕೇಳತೊಡಗಿ, ಪಡಿ ಅಳೆದು ಕೊಡಬೇಕಾಯಿತು ಎಂದು 1769ರ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ನಮ್ಮ ಬಿಸಿಯೂಟದ ನಿಯಮದಲ್ಲೂ ಇಂಥದ್ದೊಂದು ಮೇಜು ಅರ್ಧ ಸಿದ್ಧವಾಗಿದೆ. ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಲೇಬೇಕು. ಸುರಕ್ಷತೆಗೆಂದು ಮಾಡಿದ ನಿಯಮ ಅದು, ಸಾಮಾನ್ಯವಾಗಿ ಅಡುಗೆಕೋಣೆಯ ಬಾಗಿಲಲ್ಲೇ ಒಂದು ಸೌಟಿನಲ್ಲಿ ಮುಗಿದು, ಪುಸ್ತಕದಲ್ಲಿ ಸಹಿ ಬೀಳುತ್ತದೆ. ಸಾರಿಗೆ ಕೋಸು ಹಾಕಿದ ದಿನವಾದರೂ ಮೇಷ್ಟ್ರು ಆ ತಟ್ಟೆ ಹಿಡಿದುಕೊಂಡು ಬಂದು ಒಂದನೇ ತರಗತಿಯ ಪಂಕ್ತಿಯಲ್ಲಿ ಕೂರಲಿ. ತಿನ್ನಿ ಎಂದು ಯಾರಿಗೂ ಹೇಳುವುದು ಬೇಡ. ಎರಡನೇ ಸಲ ಬಡಿಸಿಕೊಂಡರೆ ಸಾಕು.